ಅಜ್ಜಿ ಕಚ್ಚಿದ ಕಜ್ಜಾಯ

ಕೆಲಸ ಬಿಡುವಾಗ ನನಗೆ ಧೈರ್ಯವಿತ್ತು. ಬಿಟ್ಟ ಮರುದಿನದಿಂದ ಅದು ನಾಪತ್ತೆಯಾಯಿತು.

ಹಾಸನದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೌಂಟರಿನ ಹಿಂದೆ ಕೂರುತ್ತಿದ್ದೆ. ಬಂದವರನ್ನೆಲ್ಲ "ಬರೀ ಹೊಟ್ಟೇಲಿ ಬಂದಿದೀರಾ?" ಎಂದು ಕೇಳುವುದು, ಚೀಟಿ ಬರೆಯುವುದು, ಸಾಲಿನಲ್ಲಿ ಕೂರಿಸುವುದು. ವರ್ಷಗಟ್ಟಲೆ ಅದೊಂದೇ ಪ್ರಶ್ನೆ ಕೇಳಿ, ಇನ್ನು ಮನೆಗೆ ಬಂದ ನೆಂಟರನ್ನೂ ಹಾಗೇ ಕೇಳಿಬಿಡುತ್ತೇನೋ ಎಂಬ ಹೆದರಿಕೆ ಶುರುವಾಗಿತ್ತು. ಊಟದ ಬಿಡುವಿನಲ್ಲಿ ಫೋನ್ ಹಿಡಿದುಕೊಂಡು ಆನ್‌ಲೈನ್ ಮಾರ್ಕೆಟಿಂಗ್ ಕಲಿಯತೊಡಗಿದೆ. ಕೋಟು ತೊಟ್ಟ ಹುಡುಗನೊಬ್ಬ ಪಾಠ ಹೇಳುತ್ತಿದ್ದ. ಮೊದಲ ಮೂರು ಸೆಕೆಂಡಿನಲ್ಲಿ ನೋಡುವವರ ಹೆಬ್ಬೆರಳು ನಿಲ್ಲಬೇಕು, ನಿಲ್ಲದಿದ್ದರೆ ನಿಮ್ಮ ಕಥೆ ಮುಗೀತು ಎಂದು ಪ್ರತಿ ಪಾಠದಲ್ಲೂ ಹೆದರಿಸುತ್ತಿದ್ದ. ಊಟ ತಿಂಡಿ ಮಾರುವವರಾದರೆ ಯಾರಾದರೂ ಅದನ್ನು ಕಚ್ಚುವುದನ್ನೇ ಮೊದಲು ತೋರಿಸಿ ಎನ್ನುತ್ತಿದ್ದ. ನಾನು ತಲೆಯಾಡಿಸಿಕೊಂಡು ಮೊಸರನ್ನ ತಿನ್ನುತ್ತಿದ್ದೆ.

ರಾಜೀನಾಮೆ ಕೊಟ್ಟಾಗ ಲ್ಯಾಬಿನ ಮ್ಯಾನೇಜರು ನಗಲಿಲ್ಲ, ಅದೇ ನನಗೆ ಚುಚ್ಚಿದ್ದು. "ದೀಪಾವಳಿವರೆಗೂ ನಿಮ್ಮ ಸೀಟು ಖಾಲಿ ಇಟ್ಟಿರ್ತೀನಿ ಮೇಡಂ. ಆಮೇಲೆ ಬೇರೆಯವರನ್ನ ತಗೋತೀನಿ" ಎಂದರು, ಹುಷಾರಿಲ್ಲದವಳಿಗೆ ಹೇಳುವ ಹಾಗೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತೇ ತೀರ್ಮಾನಿಸಿದೆ, ದೀಪಾವಳಿಯೊಳಗೆ ಒಬ್ಬ ಗಿರಾಕಿಯಾದರೂ ಗಟ್ಟಿಯಾಗಿ ನಿಂತರೆ ಈ ವ್ಯಾಪಾರ ನನ್ನದು. ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಹೋಗಿ ಅದೇ ಕುರ್ಚಿಯಲ್ಲಿ ಕೂತು ಮತ್ತೆ ಬರೀ ಹೊಟ್ಟೆಯ ವಿಚಾರಣೆ.

ಮೊದಲ ಗಿರಾಕಿ ಹಾಸನದ ಒಂದು ಬ್ಯೂಟಿ ಪಾರ್ಲರು. ಅದೇ ಕೆಲಸವನ್ನು ತನ್ನ ಅಣ್ಣನ ಮಗ ಪುಕ್ಕಟೆ ಮಾಡಿಕೊಡುತ್ತಾನೆ ಎಂದು ಆಕೆ ಕೈಬಿಟ್ಟಳು. ಅರಕಲಗೂಡಿನಲ್ಲಿ ಹೊಲಿಗೆ ಹೇಳಿಕೊಡುವವರೊಬ್ಬರು ಸಿಕ್ಕಿದ್ದರು. ತಮ್ಮ ಮುಖವನ್ನು ಯಾರೂ ನೋಡಬಾರದು, ಆದರೆ ಊರೆಲ್ಲ ತಮ್ಮ ಬಗ್ಗೆ ತಿಳಿಯಬೇಕು ಎಂಬುದು ಅವರ ಷರತ್ತು. ಅದೂ ಅಲ್ಲಿಗೇ ನಿಂತಿತು. ಭಾದ್ರಪದ ಬಂದಿತ್ತು. ಗಂಡ ಏನೂ ಅನ್ನುತ್ತಿರಲಿಲ್ಲ, ಸಂಜೆ ಬಂದು ನನ್ನ ಮುಖ ನೋಡಿ ತಾನೇ ಕಾಫಿ ಮಾಡಿಕೊಳ್ಳುತ್ತಿದ್ದ. ಆ ಕಾಫಿಯ ಸದ್ದೇ ನನಗೆ ಬೈದ ಹಾಗೆ ಕೇಳುತ್ತಿತ್ತು.

ಆಗ ನೆನಪಾದವರು ಹಳ್ಳಿಮೈಸೂರಿನ ಕಡೆಯ ಒಬ್ಬ ಅಕ್ಕ. ನಾನು ಲ್ಯಾಬಿನಲ್ಲಿದ್ದಾಗ ಅತ್ತೆಯನ್ನು ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಕರೆದುಕೊಂಡು ಬರುತ್ತಿದ್ದರು. ಹೊಲ ಗದ್ದೆ ಇರುವ ಮನೆ. ಅಕ್ಕನ ಕೈಯಲ್ಲಿ ಯಾವಾಗಲೂ ಒಂದು ಸ್ಟೀಲ್ ಡಬ್ಬಿ, ಅದರ ತುಂಬ ಕಜ್ಜಾಯ. ಸುತ್ತಲ ಊರಿನವರಿಗೆ ಮದುವೆ, ಸೀಮಂತಕ್ಕೆ ಮಾಡಿಕೊಡುತ್ತಿದ್ದರು. ಲ್ಯಾಬಿನಲ್ಲಿ ನಮಗೆಲ್ಲ ಒಂದೊಂದು ಕೊಡುವರು. ಅತ್ತೆ ಮೆಲ್ಲಗೆ ಕೈ ಚಾಚಿದರೆ ಡಬ್ಬಿ ಆ ಕಡೆಗೆ ಸರಿಯುವುದು.

ಆ ಅಜ್ಜಿಯನ್ನೂ ನಾನು ಮಾಮೂಲಿನಂತೆ ಬರೀ ಹೊಟ್ಟೆಯಲ್ಲಿ ಬಂದಿರಾ ಎಂದು ಕೇಳಿದ್ದೆ. "ಬರೀ ಒಟ್ಟೆನೇ ಕಣ್ ಮಗ. ಈ ನನ್ ಸೊಸೆ ಬುಟ್ರೆ ತಾನೆ ತಿನ್ನೋದು" ಎಂದಿದ್ದರು. ಹಲ್ಲು ನಾಲ್ಕೋ ಐದೋ ಉಳಿದಿದ್ದವು, ನಾಲಿಗೆ ಮಾತ್ರ ಪೂರ್ತಿ ಇತ್ತು.

ಅಕ್ಕನಿಗೆ ಫೋನ್ ಮಾಡಿ, ನಿಮ್ಮ ಕಜ್ಜಾಯ ನಾನು ಮಾರಿಸಿಕೊಡುತ್ತೇನೆ ಎಂದೆ.

"ಮಾಡೋಳೂ ನಾನು, ಮಾರೋಳೂ ನಾನು. ನಡುವೆ ನೀವೇನ್ ಮಾಡೀರಿ ಮೇಡಂ?"

"ಜನಕ್ಕೆ ತೋರಿಸ್ತೀನಿ ಅಕ್ಕ."

"ತೋರ್ಸಕ್ಕೂ ಒಬ್ರು ಬೇಕಾ?" ಎಂದು ನಕ್ಕರು. ನಗುತ್ತಲೇ, "ಸರಿ ಬುಡಿ, ಪಿತೃಪಕ್ಷ ಬತ್ತಾ ಐತೆ. ಈ ಸಲ ನೋಡೇಬುಡವ. ನೀವ್ ಏಳ್ದಂಗೆ ನಡುದ್ರೆ ವರ್ಸ ಪೂರ್ತಿ ನಿಮ್ಗೇ ವಹ್ಸಿಬುಡ್ತೀನಿ" ಎಂದರು.

ವರ್ಷ ಪೂರ್ತಿ. ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಒಂದು ಸುತ್ತು ತಿರುಗಿದೆ.

ಪಿತೃಪಕ್ಷ ಅಂದರೆ ನಮ್ಮ ಮನೆಯಲ್ಲಿ ಬೇರೆ, ಅವರ ಮನೆಯಲ್ಲಿ ಬೇರೆ. ನಾನು ಹೊಳೆನರಸೀಪುರದ ದೇವಸ್ಥಾನದ ಬೀದಿಯವಳು. ಆ ಹದಿನೈದು ದಿನ ನಮ್ಮಮ್ಮ ಹೊಸ ಪೊರಕೆಯನ್ನೂ ಮನೆಗೆ ತರುವುದಿಲ್ಲ. ಅಕ್ಕನ ಕಡೆ ಅದು ಸತ್ತ ಹಿರಿಯರಿಗೆ ಎಡೆ ಇಡುವ ಕಾಲ. ಅವರಿಗೆ ಹೊಸ ಸೀರೆ, ಪಂಚೆ ತಂದಿಟ್ಟು, ಬಾಳೆ ಎಲೆಯ ಮೇಲೆ ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಬಡಿಸುತ್ತಾರೆ. ಮಾಂಸದ ಸಾರು, ಮುದ್ದೆ, ಚಕ್ಕುಲಿ, ಕಜ್ಜಾಯ, ಬೀಡಿ ಸೇದುತ್ತಿದ್ದವರಿಗೆ ಬೀಡಿ. ಧೂಪ ಹಾಕಿ ಕೈಮುಗಿದು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ, ಹಿರಿಯರು ಬಂದು ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆಗೆದು ಆಮೇಲೆ ಮನೆಯವರು ಉಣ್ಣುತ್ತಾರೆ. ಅದಕ್ಕೂ ಮುಂಚೆ ಯಾರೂ ಒಂದು ಚೂರು ಬಾಯಿಗೆ ಹಾಕುವ ಹಾಗಿಲ್ಲ, ಉಪ್ಪು ಸರಿಯಾಗಿದೆಯಾ ಎಂದೂ ನೋಡುವ ಹಾಗಿಲ್ಲ. ಕಜ್ಜಾಯ ಮಾಡಲು ಕೈ ಪಳಗಬೇಕು. ಪಟ್ಟಣದಲ್ಲಿ ಮನೆ ಮಾಡಿಕೊಂಡಿರುವ ಸೊಸೆಯಂದಿರಿಗೆ ಅದು ಬರುವುದಿಲ್ಲ, ಬೇಕರಿಯದು ಎಡೆಗೆ ಆಗುವುದಿಲ್ಲ. ಅಲ್ಲೇ ನಮ್ಮ ವ್ಯಾಪಾರ ಎಂದು ನನ್ನ ಲೆಕ್ಕ.

"ಪಕ್ಷದಲ್ಲಿ ಯಾರಾದ್ರೂ ಹೊಸ ಕೆಲಸ ಶುರು ಮಾಡ್ತಾರೇನೇ?" ಎಂದು ಅಮ್ಮ ಫೋನಿನಲ್ಲಿ ಕೇಳಿದಳು. ನಾನು ಸಿಗ್ನಲ್ ಇಲ್ಲದವಳಂತೆ ಹಲೋ ಹಲೋ ಅಂದು ಇಟ್ಟೆ.

ವಿಡಿಯೊ ಮಾಡಲು ಅಕ್ಕನ ಮನೆಗೆ ಹೋದೆ. ಎಡೆಗೆ ಮಾಡುವುದನ್ನು ಸ್ನಾನ ಮಾಡಿ, ಒಲೆ ಸಾರಿಸಿ, ಬೇರೆಯಾಗಿಯೇ ಮಾಡುತ್ತಾರೆ. ಅವತ್ತು ಮಾಡಿದ್ದು ಬರೀ ತೋರಿಸುವುದಕ್ಕೆ ಎಂದು ಸ್ವಲ್ಪ ಹಿಟ್ಟಿನಲ್ಲಿ. ಅಕ್ಕ ಬಾಳೆ ಎಲೆಯ ಮೇಲೆ ತಟ್ಟಿ, ಎಣ್ಣೆಗೆ ಬಿಟ್ಟು, ಉಬ್ಬಿದ ಮೇಲೆ ಎರಡು ಸೌಟಿನ ನಡುವೆ ಒತ್ತಿ ಎಣ್ಣೆ ಹಿಂಡಿ ತಟ್ಟೆಗೆ ಹಾಕುತ್ತಿದ್ದರು. ನಾನು ಫೋನ್ ಹಿಡಿದುಕೊಂಡು ಹೊಗೆಯಲ್ಲಿ ಕೆಮ್ಮುತ್ತಿದ್ದೆ. ಅಷ್ಟರಲ್ಲಿ ಒಲೆಯ ಪಕ್ಕ ಕುಳಿತಿದ್ದ ಅಜ್ಜಿ ತಟ್ಟೆಯಿಂದ ಒಂದನ್ನು ಎತ್ತಿ ನೇರವಾಗಿ ನನ್ನ ಫೋನನ್ನೇ ನೋಡುತ್ತ ಕಚ್ಚಿಬಿಟ್ಟರು. ಕಣ್ಣು ಮುಚ್ಚಿ ಅಗಿದರು.

"ಪಾಕ ಸರ್ಯಾಗ್ ಬಂದೈತೆ ಕಣವ್ವ. ವಸಿ ಎಳ್ಳು ಕಮ್ಮಿ" ಎಂದು ಹೇಳಿ, ಆಮೇಲೆ ಗೆದ್ದವರ ಹಾಗೆ ನಕ್ಕರು.

ಅಕ್ಕ ಸೌಟು ಹಿಡಿದೇ ಬೈದರು. "ಸುಗರ್ರು ಐತೆ ಅಂತ ಡಾಕ್ಟ್ರು ಬಡ್ಕೊಂಡವ್ರೆ, ತಿಂತದಲ್ಲ ಇದು."

"ಪೋಟ ತೆಗಿಯೋವಾಗ ನೀನ್ ಕಿತ್ಕೊಳ್ಳಕ್ಕಿಲ್ಲ ಅಂತ ಗೊತ್ತಿತ್ತು ಕಣೆ" ಎಂದರು ಅಜ್ಜಿ. ಅಕ್ಕನಿಗೂ ನಗು ಬಂತು. ಇನ್ನೊಂದಕ್ಕೆ ಕೈ ಹಾಕುವ ಮೊದಲು ತಟ್ಟೆ ಅಟ್ಟಕ್ಕೆ ಹೋಯಿತು.

ಕೋಟಿನ ಹುಡುಗ ಹೇಳಿದ್ದ ಮೂರು ಸೆಕೆಂಡು ನನಗೆ ಕೈತುತ್ತಿನಂತೆ ಸಿಕ್ಕಿತ್ತು. ಅಜ್ಜಿ ಕಚ್ಚುವುದನ್ನೇ ಮೊದಲಿಗೆ ಹಾಕಿ, ಅದರ ಹಿಂದೆ ಅಕ್ಕ ಕರಿಯುವುದನ್ನು ಜೋಡಿಸಿದೆ. ಕೆಳಗೆ 'ಎಡೆಗೆ ಕಜ್ಜಾಯ ಬೇಕೆ?' ಎಂದು ಬರೆದೆ. ಅಕ್ಕ, ಅವರ ಗಂಡ, ಅಜ್ಜಿ ಎಲ್ಲರೂ ನೋಡಿದರು. ಚೆನ್ನಾಗಿದೆ ಅಂದರು. ಅಜ್ಜಿ ತನ್ನನ್ನು ತಾನೇ ಮತ್ತೆ ಮತ್ತೆ ನೋಡಿಕೊಂಡು, "ನಾನ್ ಇಷ್ಟು ಸುಕ್ಕಾಗಿವ್ನಾ?" ಎಂದು ಕೇಳಿದರು. ಅಲ್ಲಿದ್ದ ಒಬ್ಬರಿಗೂ ಏನೂ ಅನ್ನಿಸಲಿಲ್ಲ. ತಿಂದದ್ದು ತೋರಿಸಲು ಮಾಡಿದ್ದು, ಎಡೆಯದು ಇನ್ನೂ ಮಾಡೇ ಇಲ್ಲ ಎಂಬುದು ಆ ಮನೆಯೊಳಗೆ ನಮಗೆಲ್ಲ ಗೊತ್ತಿತ್ತಲ್ಲ.

ಫೋನಿನೊಳಗಿನ ಭೂಪಟದ ಮೇಲೆ ಬೆರಳಿನಿಂದ ಒಂದು ಸುತ್ತು ಗೆರೆ ಎಳೆದರೆ ಅದರೊಳಗಿನ ಊರುಗಳಿಗೆಲ್ಲ ಜಾಹೀರಾತು ಹೋಗುತ್ತದೆ. ಹಾಸನ, ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರ ಎಲ್ಲ ಒಳಗೆ ಬರುವ ಹಾಗೆ ಎಳೆದೆ. ಎರಡನೆಯ ದಿನದಿಂದ ಆರ್ಡರು ಸುರಿಯತೊಡಗಿತು. ಹಾಸನದ ಬಡಾವಣೆಗಳಿಂದ, ಚನ್ನರಾಯಪಟ್ಟಣದ ಟೀಚರಮ್ಮಂದಿರಿಂದ, ಅರಕಲಗೂಡಿನ ಅಂಗಡಿಯವರ ಮನೆಯಿಂದ. ಎಲ್ಲರದೂ ಒಂದೇ ಮಾತು, ಮಹಾಲಯ ಅಮಾವಾಸ್ಯೆಯ ಎಡೆಗೆ. ಅಜ್ಜಿಯನ್ನು ನೋಡಿ ಎಲ್ಲರಿಗೂ ತಮ್ಮ ತಮ್ಮ ಅಜ್ಜಿಯ ನೆನಪು. ಅಕ್ಕ ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ಹಿಟ್ಟು ಮಾಡಿಸಿ, ಬೆಲ್ಲದ ಪಾಕಕ್ಕೆ ಕಲೆಸಿ ಪಾತ್ರೆಗಟ್ಟಲೆ ಎತ್ತಿಟ್ಟರು. ಮನೆಯ ಅಷ್ಟೂ ಬೆಲ್ಲ, ಅಕ್ಕಿ ಆ ಪಾತ್ರೆಗಳಿಗೆ ಹೋಯಿತು. ಬಸ್ಸಿನ ಡ್ರೈವರುಗಳ ಕೈಲಿ ಪಾರ್ಸೆಲ್ ಕಳಿಸಲು ಮಾತಾಡಿಕೊಂಡೆವು. ನಾನು ಹಾಸನದ ಬೀದಿಯಲ್ಲಿ ಲ್ಯಾಬಿನ ಮುಂದೆ ಬೇಕೆಂದೇ ಒಂದು ಸಲ ಹಾದುಹೋದೆ.

ಅಮಾವಾಸ್ಯೆ ಹತ್ತಿರ ಬಂದಾಗ, ವಿಡಿಯೊದ ಕೆಳಗೆ ಯಾರೋ ಬರೆದರು: ಎಡೆಗೆ ಇಕ್ಕೋ ಮುಂಚೆ ತಿಂದವ್ರಲ್ಲ, ಇದು ಎಂಜಲಲ್ವಾ?

ನಾನು ಅದನ್ನು ಓದಿದೆ. ಉತ್ತರ ಬರೆಯಲು ಹೋದೆ, ಅಳಿಸಿದೆ, ಮತ್ತೆ ಬರೆದೆ. ಅಷ್ಟರಲ್ಲಿ ಅದರ ಕೆಳಗೆ ಇನ್ನೊಬ್ಬರು, ಮತ್ತೊಬ್ಬರು.

ಮರುದಿನ ಬೆಳಗ್ಗೆ ಅಕ್ಕನ ಮನೆಗೆಂದು ಹಾಸನದಿಂದ ಬಸ್ಸು ಹತ್ತಿದೆ. ದಾರಿಯಲ್ಲಿ ಫೋನ್ ಒಂದೇ ಸಮ ನಡುಗುತ್ತಿತ್ತು. ಆರ್ಡರು ಬೇಡ. ನಮ್ಮದು ಕ್ಯಾನ್ಸಲ್ ಮಾಡಿ. ನಮ್ಮ ಮಾವನವರು ಬೇಡ ಅಂದ್ರು. ಯಾರೂ ಜಗಳವಾಡಲಿಲ್ಲ, ಅದೇ ಇನ್ನೂ ಕಷ್ಟ. ಆಗ ಹಿಂದಿನ ಸೀಟಿನಿಂದ ಒಬ್ಬ ಗಂಡಸಿನ ದನಿ ಕೇಳಿಸಿತು. ಫೋನಿನೊಳಗಿನ ದನಿ, ಗ್ರೂಪಿಗೆ ಬಂದದ್ದನ್ನು ಯಾರೋ ಜೋರಾಗಿ ಹಾಕಿಕೊಂಡು ಕೇಳುತ್ತಿದ್ದರು.

"ನೋಡ್ರಪ್ಪ, ನಾನು ಹಳೇಕೋಟೆ ಕಡೆಯಿಂದ ಮಾತಾಡ್ತಿರೋದು. ಎಡೇಗೆ ಕಜ್ಜಾಯ ಅಂತ ಫೋನಲ್ಲಿ ಮಾರ್ತಾವ್ರಲ್ಲ, ಒಂದ್ ಮುದ್ಕಿ ಕಚ್ಚಿ ಕಚ್ಚಿ ತಟ್ಟೇಗಾಕ್ತಾವ್ಳೆ. ಎಂಜ್ಲು ಕಣ್ರಲಾ ಅದು. ಯಾರೂ ತಕಬ್ಯಾಡಿ."

ಕಚ್ಚಿ ಕಚ್ಚಿ ಎಲ್ಲಿ ಹಾಕಿದರು? ಒಂದೇ ಕಚ್ಚಿದ್ದು. ನಾನು ತಿರುಗಿ ಹೇಳಬೇಕೆಂದುಕೊಂಡೆ. ಹಿಂದೆ ಕುಳಿತಿದ್ದ ಹೆಂಗಸು ಪಕ್ಕದವಳಿಗೆ, "ಅಯ್ಯೋ, ನಮ್ಮಕ್ಕ ಇದನ್ನೇ ತರ್ಸಕ್ಕೆ ಏಳಿದ್ಲು ಕಣೆ, ಬ್ಯಾಡ ಅಂತ ಫೋನ್ ಮಾಡ್ಬೇಕು" ಎಂದಳು. ಮಾಡಿದಳು ಕೂಡ. ನನ್ನ ಕಿವಿಯ ಪಕ್ಕದಲ್ಲೇ ನನ್ನ ಇನ್ನೊಂದು ಆರ್ಡರು ಹೋಯಿತು. ನಾನು ಕಿಟಕಿ ಕಡೆ ಮುಖ ಮಾಡಿಕೊಂಡು ಕೂತೆ. ನನಗೆ ಭಯವಾಗಿತ್ತು, ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯಲಾರೆ.

ಅಕ್ಕನ ಮನೆ ತಲುಪುವ ಹೊತ್ತಿಗೆ ವಿಷಯ ನನಗಿಂತ ಮುಂಚೆ ತಲುಪಿತ್ತು. ನಮ್ಮ ವಿಡಿಯೊವನ್ನೇ ಯಾರೋ ಇಳಿಸಿಕೊಂಡು, ಅಜ್ಜಿಯ ಎದೆಯ ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ 'ಎಂಜಲು ಕಜ್ಜಾಯ' ಎಂದು ಬರೆದು ಊರೂರಿನ ಗ್ರೂಪುಗಳಿಗೆ ಬಿಟ್ಟಿದ್ದರು. ಅಕ್ಕ ಹಿಟ್ಟಿನ ಪಾತ್ರೆಗಳ ನಡುವೆ ನಿಂತಿದ್ದರು. ಅವರ ಗಂಡ ಹೊರಗೆ ಹಸುವಿನ ಹಗ್ಗ ಬಿಚ್ಚುತ್ತಿದ್ದರು, ಕಟ್ಟುತ್ತಿದ್ದರು.

"ಅಳಿಸಾಕಿ ಮೇಡಂ" ಎಂದರು ಅಕ್ಕ.

"ಅಕ್ಕ, ಅಳಿಸಿದ್ರೆ ತಪ್ಪು ಒಪ್ಪಿಕೊಂಡ ಹಾಗೆ. ಅಳಿಸದೆ, ಅದರ ಕೆಳಗೇ ಉತ್ತರ ಕೊಡಬೇಕು ಅಂತ ಕೋರ್ಸಲ್ಲಿ..."

"ನಿಮ್ ಕೋರ್ಸು ನಿಮ್ಮನೇಲಿಕ್ಕಳಿ. ನಮ್ಮತ್ತೆ ಮೈಮ್ಯಾಲೆ ಬರ್ದವ್ರೆ. ನಾಳೆ ನಂಟ್ರು ಇಷ್ಟ್ರು ನೋಡ್ತಾರೆ. ಬುಡ ಸಮೇತ ಅಳಿಸಾಕಿ."

ಪುಟದಿಂದ ತೆಗೆದೆ. ನನ್ನ ಫೋನಿನಿಂದ ತೆಗೆದೆ. ಅಕ್ಕ ತಮ್ಮ ಫೋನನ್ನೂ ಚಾಚಿದರು, ಅದರಿಂದಲೂ ತೆಗೆದೆ. ಅಳಿಸಿದ್ದು ಹೋಗಿ ಸೇರುವ ಕಸದ ಬುಟ್ಟಿಯೊಂದು ಫೋನಿನಲ್ಲಿರುತ್ತದೆ, ಅಲ್ಲಿಂದಲೂ ತೆಗೆಸಿದರು. ಅವತ್ತು ತೆಗೆದ ಬೇರೆ ತುಣುಕುಗಳೂ ಹೋದವು. ಅಕ್ಕನಿಗೆ ಅಷ್ಟು ಕೋಪ ಬಂದಿದ್ದನ್ನು ನಾನು ನೋಡಿರಲಿಲ್ಲ. ಬಾಗಿಲ ಪಕ್ಕದಲ್ಲಿ ಗೋಡೆಗೊರಗಿ ಕುಳಿತಿದ್ದ ಅಜ್ಜಿ ಎಲ್ಲವನ್ನೂ ನೋಡುತ್ತಿದ್ದರು.

"ನನ್ನೇನಾ ಅಳಿಸ್ತಿರೋದು?" ಎಂದು ಕೇಳಿದರು.

ಅಕ್ಕ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ಅವತ್ತು ಮಧ್ಯಾಹ್ನ ಅಜ್ಜಿ ಊಟ ಬೇಡವೆಂದರು. ಸೊಸೆ ತಟ್ಟೆ ಮುಂದಿಟ್ಟರೆ, "ನಂಗ್ಯಾಕೆ, ನನ್ ಬಾಯಿಂದ ಇಷ್ಟಾಯ್ತು" ಎಂದು ಗೋಡೆ ಕಡೆ ತಿರುಗಿಕೊಂಡರು. ನಾನು ಕೋರ್ಸಿನ ಹುಡುಗನನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದೆ. ಅವನ ಕೋಟನ್ನೂ ಬೈದೆ.

ಇನ್ನು ಕಳೆದುಕೊಳ್ಳುವುದು ಏನೂ ಇರಲಿಲ್ಲ. ಹೋದ ಆರ್ಡರುಗಳಲ್ಲಿ ಹಳೇಕೋಟೆ ಕಡೆಯದೊಂದು ಇತ್ತು. ಆ ನಂಬರಿಗೆ ಫೋನ್ ಮಾಡಿದೆ. ಬಸ್ಸಿನಲ್ಲಿ ಕೇಳಿದ್ದ ಅದೇ ದನಿ. ನಾನು ಯಾರೆಂದು ಹೇಳಿದ್ದೇ ತಡ, ಅವರು ಕೂಗಾಡತೊಡಗಿದರು. ಅವರ ತಾಯಿಗೆ ಕಜ್ಜಾಯವೆಂದರೆ ಪ್ರಾಣವಂತೆ. ತಾಯಿ ಹೋದಮೇಲೆ ಮನೆಯಲ್ಲಿ ಮಾಡುವವರಿಲ್ಲವಂತೆ. ಆಸೆಪಟ್ಟು ಆರ್ಡರ್ ಕೊಟ್ಟಿದ್ದರಂತೆ. "ನಮ್ಮವ್ವುನ್ ಎಲೆಗೆ ಎಂಜ್ಲು ಇಕ್ಸಕ್ ಓಗಿದ್ರಲ್ಲಮ್ಮ ನೀವು."

ನನಗೂ ರೇಗಿತು. "ಸಾರ್, ನೀವೇ ಬಂದು ನೋಡಿ. ನಾಳೆ ಎಡೆಯದನ್ನ ಕರೀತಾರೆ. ನೋಡಿಬಿಟ್ಟು ಆಮೇಲೆ ಏನು ಬೇಕಾದರೂ ಹೇಳಿ" ಎಂದು ಕೂಗಿದೆ. ಅವರು ಫೋನ್ ಇಟ್ಟರು.

ಬರುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಅಕ್ಕ ಮಾತ್ರ, ಉಳಿದಿರುವ ಆರ್ಡರಿಗಾದರೂ ಮಾಡಲೇಬೇಕಲ್ಲ ಎಂದು ಬೆಳಗ್ಗೆಯೇ ಸ್ನಾನ ಮಾಡಿ ಒಲೆ ಸಾರಿಸಿ ಕೂತರು. ರಾತ್ರಿ ಹೊಳೆನರಸೀಪುರದ ಅಮ್ಮನ ಮನೆಯಲ್ಲಿ ಉಳಿದಿದ್ದ ನಾನು ಮೊದಲ ಬಸ್ಸಿಗೇ ಬಂದಿದ್ದೆ. ಎಣ್ಣೆ ಕಾಯುವ ಹೊತ್ತಿಗೆ ಹೊರಗೆ ಬೈಕಿನ ಸದ್ದಾಯಿತು. ಐವತ್ತರ ಆಸುಪಾಸಿನ ಮನುಷ್ಯ, ಹೆಗಲ ಮೇಲೆ ಟವಲ್ಲು. ಒಳಗೆ ಬನ್ನಿ ಎಂದರೆ ಬರಲಿಲ್ಲ. ನೀರು ಕೊಟ್ಟರೆ ಕುಡಿಯಲಿಲ್ಲ. ಒಲೆ ಕಾಣುವ ಹಾಗೆ ಜಗುಲಿಯ ತುದಿಯಲ್ಲಿ ಕುಳಿತುಕೊಂಡರು. ಅಕ್ಕ ತಟ್ಟಿದರು, ಕರಿದರು, ಒತ್ತಿದರು. ಒಂದು ಕಜ್ಜಾಯವಾದರೂ ಒಡೆದರೆ, ಯಾರಾದರೂ ಮರೆತು ಒಂದು ಚೂರು ಬಾಯಿಗೆ ಹಾಕಿಕೊಂಡರೆ ಎಂದು ನಾನು ಒಬ್ಬೊಬ್ಬರ ಕೈಯನ್ನೂ ಕಾಯುತ್ತಿದ್ದೆ. ಅಜ್ಜಿ ನಿನ್ನೆಯ ಗೋಡೆಗೇ ಒರಗಿ ಕುಳಿತಿದ್ದರು. ಎಷ್ಟೋ ಹೊತ್ತಾದ ಮೇಲೆ ಅವರೇ ಬಾಯಿ ತೆರೆದರು.

"ಅಪ್ಪಾ, ನೀನೇನಾ ನಂಗೆ ಮುದ್ಕಿ ಅಂದೋನು?"

ಅವರು ಟವಲ್ಲು ಸರಿಮಾಡಿಕೊಂಡರು.

"ಮುದ್ಕಿನೇ ಬುಡು, ಸುಳ್ಳೇನಲ್ಲ. ಒಂದ್ ಮಾತು ಏಳು. ಇನ್ನೊಂದ್ ವರ್ಸಕ್ಕೋ ಎರಡ್ ವರ್ಸಕ್ಕೋ ಇವ್ರು ನಂಗೂ ಎಡೆ ಇಕ್ತಾರೆ. ಆಗ ಮೊದ್ಲು ನಾನ್ ತಿಂದು, ಮಿಕ್ಕಿದ್ದ ಊರೋರೆಲ್ಲಾ ಕಣ್ಗೊತ್ಕಂಡು ತಿಂತೀರಿ. ಸತ್ ಮ್ಯಾಲೆ ತಿಂದ್ರೆ ಪರ್ಸಾದ, ಬದುಕಿರೋವಾಗ ತಿಂದ್ರೆ ಎಂಜ್ಲು. ಅಲ್ವೇನಪ್ಪ?"

ಅಕ್ಕನ ಕೈ ಎಣ್ಣೆಯ ಮೇಲೆ ನಿಂತಿತು. ಆ ಮನುಷ್ಯ ನೆಲ ನೋಡುತ್ತ ಕುಳಿತರು. ತಾಯಿಯ ನೆನಪಾಯಿತೋ ಏನೋ. ಸ್ವಲ್ಪ ಹೊತ್ತಿಗೆ ಎದ್ದರು. ಆಗ ಬೇಡವೆಂದಿದ್ದ ನೀರಿನ ಲೋಟವನ್ನು ಎತ್ತಿ ಗಟಗಟ ಕುಡಿದು, ಬೈಕು ಹತ್ತಿ ಹೊರಟುಹೋದರು.

"ಇವ್ನು ಇನ್ನೊಂದ್ ವಾಯ್ಸು ಬಿಟ್ಟ ಅನ್ಕಳಿ ಗ್ರೂಪಿಗೆ" ಎಂದರು ಅಕ್ಕನ ಗಂಡ.

ನಾವು ಕಾದೆವು. ಹಿಟ್ಟಿನ ಪಾತ್ರೆಗಳು ಇನ್ನೂ ತುಂಬಿಯೇ ಇದ್ದವು. ಮಾಡುವುದೋ ಬಿಡುವುದೋ ಗೊತ್ತಾಗದೆ ಅಕ್ಕ ಒಲೆಯ ಬೆಂಕಿಯನ್ನು ಹಿಂದಕ್ಕೆ ಎಳೆದರು. ಲ್ಯಾಬಿನ ಕುರ್ಚಿ ನನ್ನ ಕಣ್ಣ ಮುಂದೆ ಬಂದು ಕೂತಿತು. ನಾನೇ ಮನಸ್ಸಿನಲ್ಲಿ ಮ್ಯಾನೇಜರಿಗೆ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಮಧ್ಯಾಹ್ನ ಇಳಿಯುವಾಗ ಅಕ್ಕನ ಫೋನಿಗೆ ಯಾರೋ ನೆಂಟರು ಒಂದು ಧ್ವನಿ ಕಳಿಸಿದರು. ಅದೇ ಹಳೇಕೋಟೆಯ ದನಿ. ಅಕ್ಕ ಒತ್ತಲು ಹೆದರಿ ಫೋನನ್ನು ನನ್ನ ಕೈಗೆ ಕೊಟ್ಟರು.

"ನೋಡ್ರಪ್ಪ, ನಾನೇ ಓಗಿ ನೋಡ್ಕಂಡ್ ಬಂದಿವ್ನಿ. ಎಡೇದು ಬ್ಯಾರೆ, ಅವತ್ತು ತಿಂದಿದ್ದು ಬ್ಯಾರೆ. ಸುದ್ದವಾಗಿ ಮಾಡ್ತಾವ್ರೆ. ಬೇಕಾದೋರು ತಕಳಿ. ಆ ಯಮ್ಮನ್ ಬಾಯ್ ಒಂದ್ ವಸಿ ಜೋರು, ಅಷ್ಟೆಯ."

ಅಜ್ಜಿ ಅದನ್ನು ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. ಆಮೇಲೆ ಊಟಕ್ಕೆ ಕೈ ತೊಳೆದರು.

ಹೋದ ಆರ್ಡರುಗಳೆಲ್ಲ ವಾಪಸು ಬರಲಿಲ್ಲ. ಕೆಲವರು ಬಂದರು, ಕೆಲವರು ಮುಖ ತಪ್ಪಿಸಿದರು, ಒಬ್ಬರು ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದರು. ಆದರೂ ಅಮಾವಾಸ್ಯೆಯ ಹಿಂದಿನ ದಿನ ಚನ್ನರಾಯಪಟ್ಟಣದ ಬಸ್ಸಿಗೆ, ಅರಕಲಗೂಡಿನ ಬಸ್ಸಿಗೆ ಡಬ್ಬಗಳು ಹೋದವು. ಹಾಸನದವನ್ನು ನಾನೇ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಪಾತ್ರೆಗಳು ಖಾಲಿಯಾದವು. ಅಕ್ಕ ಮಾತಿಗೆ ತಪ್ಪಲಿಲ್ಲ. ದೀಪಾವಳಿ ಬರುವ ಮೊದಲೇ ನಾನು ಲ್ಯಾಬಿಗೆ ಫೋನ್ ಮಾಡಿ, ಸೀಟಿಗೆ ಬೇರೆಯವರನ್ನು ತೆಗೆದುಕೊಳ್ಳಿ ಎಂದೆ.

ಮುಂದಿನ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡರು. ರಾತ್ರಿ ಮಲಗಿದವರು ಬೆಳಗ್ಗೆ ಏಳಲಿಲ್ಲ. ನಾನು ಹೋಗಿದ್ದೆ. ಅಕ್ಕ ನನ್ನನ್ನು ಕಂಡದ್ದೇ, "ಒಂದ್ ಕಜ್ಜಾಯಕ್ಕೂ ಕಣ್ಣಾಕಂಡ್ ಕೂರ್ತಿತ್ತಲ್ಲ ಮೇಡಂ. ನಾನೇ ಕೊಡ್ಲಿಲ್ಲ, ನಾನೇ ಕೊಡ್ಲಿಲ್ಲ" ಎಂದು ಅತ್ತರು.

ಮತ್ತೆ ಪಕ್ಷ ಬಂತು. ಅಷ್ಟರಲ್ಲಿ ನನಗೆ ಇನ್ನೂ ಕೆಲವು ಗಿರಾಕಿಗಳಾಗಿದ್ದರು, ತಿನ್ನುವ ವಿಡಿಯೊಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ ಹಾಕುತ್ತಿದ್ದೆ. ಒಂದು ದಿನ ಅಕ್ಕ ಫೋನ್ ಮಾಡಿದರು. ವ್ಯಾಪಾರದ ಮಾತು ಎಂದುಕೊಂಡೆ.

"ಮೇಡಂ, ಅತ್ತೆ ಪೋಟ ಒಂದೂ ಸರ್ಯಾಗಿಲ್ಲ. ಆಧಾರ್ ಕಾರ್ಡಿಂದು ದೆವ್ವ ಕಂಡಂಗೈತೆ. ಅವತ್ತು ಅದು ಕಚ್ಚಿ ತಿಂದಿತ್ತಲ್ಲ, ಆ ವಿಡಿಯೊ ಕಳ್ಸಿ. ಎಡೆ ಹತ್ರ ಇಡವ."

ಅವತ್ತು ಕಸದ ಬುಟ್ಟಿಯಿಂದಲೂ ತೆಗೆಸಿದ್ದು ನನಗೆ ನೆನಪಾಯಿತು. ಅಕ್ಕನಿಗೂ ನೆನಪಾಯಿತು. "ಓ" ಎಂದರು, ಅಷ್ಟೇ. ಎಲ್ಲೆಲ್ಲಿ ಹುಡುಕಬಹುದೋ ಅಲ್ಲೆಲ್ಲ ಹುಡುಕಿದೆ. ಬುಡ ಸಮೇತ ಅಂದರೆ ಬುಡ ಸಮೇತವೇ ಹೋಗಿತ್ತು. ಕೊನೆಗೆ, ಗ್ರೂಪುಗಳಿಗೆ ಹೋಗಿದ್ದ ಪ್ರತಿ ಒಬ್ಬರ ಹತ್ತಿರವಾದರೂ ಉಳಿದಿರಬಹುದು ಅನ್ನಿಸಿತು. ಹಳೇಕೋಟೆಯವರಿಗೆ ಫೋನ್ ಮಾಡಿ, ಅಜ್ಜಿ ಹೋದದ್ದನ್ನು ಹೇಳಿ, ಹೀಗೆ ಕೇಳುತ್ತಿದ್ದಾರೆ ಎಂದೆ. "ನೋಡ್ತೀನಿ ಕಣಮ್ಮ" ಎಂದರು. ಸಂಜೆಯ ಹೊತ್ತಿಗೆ ವಿಡಿಯೊ ಬಂತು. ಅಜ್ಜಿಯ ಎದೆಯ ಮೇಲೆ ಅದೇ ಕೆಂಪು ಅಕ್ಷರಗಳಿದ್ದವು. ನಮಗೆ ಸಿಕ್ಕ ಪ್ರತಿ ಅದೊಂದೇ.

ಎಡೆಯ ದಿನ ಅಕ್ಕನ ಮನೆಗೆ ಹೋದೆ. ಒಳಗೆಲ್ಲ ಮಾಂಸದ ಸಾರಿನ ಘಮ. ನಮ್ಮಮ್ಮನಿಗೆ ಇದನ್ನು ಇವತ್ತಿಗೂ ಹೇಳಿಲ್ಲ. ಆ ಅಕ್ಷರಗಳನ್ನು ಕತ್ತರಿಸಲು ಪ್ರಯತ್ನಿಸಿದ್ದೆ. ಕತ್ತರಿಸಿದರೆ ಕಜ್ಜಾಯ ಹಿಡಿದ ಕೈಯೂ ಹೋಗುತ್ತಿತ್ತು. ಅದನ್ನು ಅಕ್ಕನಿಗೆ ಹೇಳಿದೆ.

"ಇರ್ಲಿ ಬುಡಿ. ಅದೇನ್ ಓದಕ್ ಬತ್ತಿತ್ತಾ ಅತ್ತೇಗೆ" ಎಂದರು ಅಕ್ಕ.

ಬಾಳೆ ಎಲೆಯ ಮುಂದೆ ಹೊಸ ಸೀರೆ ಇಟ್ಟು, ಅದರ ಪಕ್ಕದ ಚೊಂಬಿಗೆ ತಮ್ಮ ಫೋನನ್ನು ಒರಗಿಸಿ ವಿಡಿಯೊ ಹಾಕಿದರು. ಎಲೆಯ ತುಂಬ ಕಜ್ಜಾಯ, ಒಂದರ ಮೇಲೊಂದು, ಮೇಲೆಲ್ಲ ಎಳ್ಳು ಕಪ್ಪಗೆ ಮೆತ್ತಿಕೊಂಡಿತ್ತು. ಧೂಪ ಹಾಕಿದರು. ಎಲ್ಲರೂ ಕೈಮುಗಿದು ಹೊರಗೆ ಬಂದೆವು. ಬಾಗಿಲು ಮುಚ್ಚಿತು.

ಫೋನನ್ನು ಯಾರೂ ನಿಲ್ಲಿಸಿರಲಿಲ್ಲ. ಆ ವಿಡಿಯೊ ಮುಗಿದ ಕೂಡಲೇ ತಾನಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಾವು ಜಗುಲಿಯ ಮೇಲೆ ಕೂತಿದ್ದೆವು. ಒಳಗಿನಿಂದ ಅಜ್ಜಿಯ ದನಿ ಬಂತು.

"ಪಾಕ ಸರ್ಯಾಗ್ ಬಂದೈತೆ ಕಣವ್ವ. ವಸಿ ಎಳ್ಳು ಕಮ್ಮಿ."

ಆಮೇಲೆ ಆ ನಗು. ಜಗುಲಿಯ ಮೇಲಿದ್ದ ನೆಂಟರು ಬಾಗಿಲ ಕಡೆ ತಿರುಗಿದರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮತ್ತೆ ಅದೇ ದನಿ, ಎಳ್ಳು ಕಮ್ಮಿ ಎಂದಿತು.

"ಈ ಸಲ ಜಾಸ್ತಿನೇ ಆಕಿವ್ನಿ ಕಣತ್ತೆ" ಎಂದು ಅಕ್ಕ ಮುಚ್ಚಿದ ಬಾಗಿಲಿಗೆ ಹೇಳಿದರು.

ಇನ್ನೆರಡು ಮೂರು ಸಲ ಆ ಮಾತು, ಆ ನಗು ಬಂದು ಹೋಯಿತು. ಹೊತ್ತಾಯಿತೆಂದು ಅಕ್ಕನ ಗಂಡ ಬಾಗಿಲು ತೆಗೆಯಲು ಎದ್ದರು. ಅಕ್ಕ ಅವರ ಕೈ ಹಿಡಿದು ಕೂರಿಸಿದರು.

"ವಸಿ ತಡೀರಿ" ಎಂದರು. "ಇನ್ನೂ ತಿಂತಾವ್ರೆ."